ಬಿಯೆಲೊ ದುಗ್ಮೆ: ಸರಾಯೆವೊದ 'ಬಿಳಿ ಗುಂಡಿ' ಬ್ಯಾಂಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಬ್ಯಾಂಡಿನ ಒಂದು ಹಾಡು ಕೇಳಿಸಿದರೆ ಸಾಕು, ಎದುರಿಗಿದ್ದವರು ಹತ್ತು ಪ್ರಶ್ನೆ ಕೇಳುತ್ತಾರೆ. ಮಾತಿನ ಮಧ್ಯೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಹಾಡುಗಳು ಈಗಾಗಲೇ ಗೊತ್ತಿರುವವರು ಸೀದಾ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಬಿಯೆಲೊ ದುಗ್ಮೆ ಅಂದ್ರೆ ಏನು? ಯಾವ ದೇಶದ ಬ್ಯಾಂಡ್ ಇದು?

ಸರಾಯೆವೊ ಊರಿನ ರಾಕ್ ಬ್ಯಾಂಡ್. 1974ರಿಂದ 1989ರವರೆಗೆ ಇತ್ತು. ಆಗ ಸರಾಯೆವೊ ಯುಗೊಸ್ಲಾವಿಯಾದ ಒಳಗಿತ್ತು. ಬೋಸ್ನಿಯಾ, ಸರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ ಎಲ್ಲ ಸೇರಿ ಒಂದೇ ದೇಶವಾಗಿದ್ದ ಕಾಲ ಅದು. ಈಗ ಅದು ಬೋಸ್ನಿಯಾ-ಹೆರ್ಜೆಗೊವಿನಾ ದೇಶದ ರಾಜಧಾನಿ.

'ಬಿಯೆಲೊ' ಅಂದರೆ ಬಿಳಿ, 'ದುಗ್ಮೆ' ಅಂದರೆ ಅಂಗಿಯ ಗುಂಡಿ. 'ನಾನೊಂದು ಬಿಳಿ ಗುಂಡಿಯಾಗಿದ್ದರೆ' ಅಂತ ಇವರದೇ ಒಂದು ಹಳೆಯ ಹಾಡಿತ್ತು, ಹೆಸರು ಬಂದಿದ್ದು ಅಲ್ಲಿಂದ. ಬೋಸ್ನಿಯಾದವರು 'ಬಿಯೆಲೊ' ಅನ್ನುವ ಮಾತನ್ನೇ ಸರ್ಬಿಯಾದ ಬೆಲ್‌ಗ್ರೇಡಿನವರು 'ಬೆಲೊ' ಅನ್ನುತ್ತಾರೆ. ಆದರೂ ಬೆಲ್‌ಗ್ರೇಡಿನ ಹುಡುಗರು ಈ ಹೆಸರನ್ನು ಸರಾಯೆವೊದ ಉಚ್ಚಾರದಲ್ಲೇ ಕೂಗಿದರು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಯುಗೊಸ್ಲಾವಿಯಾ ಕಮ್ಯುನಿಸ್ಟ್ ದೇಶ ಅಲ್ವಾ? ಅಲ್ಲಿ ರಾಕ್ ಸಂಗೀತಕ್ಕೆ ಹೇಗೆ ಬಿಟ್ಟರು?

ನೆಹರು, ಟಿಟೊ, ನಾಸರ್ ಹೆಸರುಗಳನ್ನು ನಾವು ಅಲಿಪ್ತ ಚಳವಳಿಯ ಪಾಠದಲ್ಲಿ ಒಟ್ಟಿಗೆ ಓದಿದ್ದೇವೆ. ಚಳವಳಿಯ ಮೊದಲ ಶೃಂಗಸಭೆ 1961ರಲ್ಲಿ ನಡೆದಿದ್ದು ಬೆಲ್‌ಗ್ರೇಡಿನಲ್ಲೇ. ಯುಗೊಸ್ಲಾವಿಯಾದ ನಾಯಕ ಟಿಟೊ 1948ರಲ್ಲೇ ಸ್ಟಾಲಿನ್ ಜೊತೆ ಸಂಬಂಧ ಕಡಿದುಕೊಂಡಿದ್ದರು. ಹಾಗಾಗಿ ಯುಗೊಸ್ಲಾವಿಯಾ ಸೋವಿಯತ್ ಕೂಟದಲ್ಲಿ ಇರಲಿಲ್ಲ.

ಅಲ್ಲಿನ ಜನ ಕೆಲಸ ಹುಡುಕಿಕೊಂಡು ಜರ್ಮನಿಗೆ ಹೋಗಿ ಬರುತ್ತಿದ್ದರು. ಕ್ರೊಯೇಷಿಯಾದ ಝಾಗ್ರೆಬ್‌ನ ಯುಗೊಟೋನ್ ಕಂಪನಿ ಪಶ್ಚಿಮದ ರೆಕಾರ್ಡ್‌ಗಳನ್ನು ಪರವಾನಗಿ ತಗೊಂಡು ಅಲ್ಲೇ ಅಚ್ಚು ಹಾಕಿ ಮಾರುತ್ತಿತ್ತು. ಸರ್ಕಾರ ರಾಕ್ ಸಂಗೀತವನ್ನು ತಡೆಯಲಿಲ್ಲ, ಪಕ್ಕದಲ್ಲಿ ಇಟ್ಟುಕೊಂಡಿತು. 1976ರಲ್ಲಿ 'ಕೊಜಾರಾ 76' ಅನ್ನುವ ಯುವಜನರ ಶ್ರಮದಾನ ಶಿಬಿರ ನಡೆಯಿತು. ಅಲ್ಲಿ ಬಿಯೆಲೊ ದುಗ್ಮೆಯವರೂ ಹೋಗಿ ಕೆಲಸ ಮಾಡಿದರು.

ಯುಗೊಸ್ಲಾವಿಯಾದ ಮೊಟ್ಟಮೊದಲ ರಾಕ್ ಬ್ಯಾಂಡ್ ಇವರೇನಾ?

ಅಲ್ಲ. ಸರಾಯೆವೊದಲ್ಲೇ ಇಂಡೆಕ್ಸಿ ಬ್ಯಾಂಡ್ 1962ರಿಂದ ಇತ್ತು. ರಾಕ್‌ಗೆ ಜನಪದ ಧಾಟಿ ಬೆರೆಸುವುದನ್ನೂ ಇವರು ಕಂಡುಹಿಡಿದಿದ್ದಲ್ಲ. ಬೆಲ್‌ಗ್ರೇಡಿನ ಯು ಗ್ರೂಪಾ ಇವರಿಗಿಂತ ಮೊದಲೇ ಅದನ್ನು ಮಾಡಿತ್ತು.

ಇವರು ದಾರಿ ಹಾಕಿಕೊಟ್ಟಿದ್ದು ಬೇರೆ ವಿಷಯದಲ್ಲಿ. ಇವರಿಗಿಂತ ಮುಂಚೆ ರಾಕ್ ಅನ್ನುವುದು ದೊಡ್ಡ ಊರಿನ, ಕಾಲೇಜಿಗೆ ಹೋಗುವ ಹುಡುಗರ ಸಂಗೀತ. ಬಿಯೆಲೊ ದುಗ್ಮೆ ಬಂದ ಮೇಲೆ ಸಣ್ಣ ಪಟ್ಟಣದ, ಹಳ್ಳಿಯ ಹುಡುಗರೂ ಅದನ್ನು ತಮ್ಮದು ಅಂದುಕೊಂಡರು. ರೆಕಾರ್ಡ್ ಲಕ್ಷದ ಲೆಕ್ಕದಲ್ಲಿ ಮಾರುವುದು, ದೇಶದ ಮೂಲೆಮೂಲೆಗೆ ಪ್ರವಾಸ, ಕ್ರೀಡಾಂಗಣ ತುಂಬುವ ಕಾರ್ಯಕ್ರಮ, ಇದೆಲ್ಲ ಆ ಮಟ್ಟದಲ್ಲಿ ಆಗಿದ್ದು ಇವರಿಂದ. ಈ ಹುಚ್ಚಿಗೆ ಅಲ್ಲಿನ ಪತ್ರಿಕೆಗಳು 'ದುಗ್ಮೆಮಾನಿಯಾ' ಅಂತಲೇ ಹೆಸರಿಟ್ಟವು.

ಎದೆರ್‌ಲೆಜಿ ಹಾಡು ಕೇಳಿದ್ದೀನಿ. ಆ ಬ್ರೆಗೊವಿಚ್ಚೇ ಈ ಬ್ರೆಗೊವಿಚ್ಚಾ?

ಹೌದು, ಅವರೇ. ಗೊರಾನ್ ಬ್ರೆಗೊವಿಚ್ ಈ ಬ್ಯಾಂಡಿನ ಗಿಟಾರ್ ವಾದಕ. ಹೆಚ್ಚುಕಮ್ಮಿ ಎಲ್ಲ ಹಾಡುಗಳ ರಾಗವೂ ಅವರದೇ. ಹೊರಗಿನವರಿಗೆ ಅವರು ಪರಿಚಯವಾಗಿದ್ದು ಎಮಿರ್ ಕುಸ್ತುರಿತ್ಸಾ ಅವರ ಸಿನಿಮಾಗಳ ಸಂಗೀತದಿಂದ. ಎದೆರ್‌ಲೆಜಿ ಮಾತ್ರ ಅವರು ಹುಟ್ಟಿಸಿದ ರಾಗ ಅಲ್ಲ, ಬಾಲ್ಕನ್‌ನ ರೋಮಾ ಜನರ ಹಳೆಯ ಹಾಡು. ಮೇ 6ರ ಸಂತ ಜಾರ್ಜ್ ಹಬ್ಬಕ್ಕೆ ಸೇರಿದ್ದು. ಅದೇ ರಾಗಕ್ಕೆ ಬೇರೆ ಸಾಹಿತ್ಯ ಹಾಕಿ, ತುತ್ತೂರಿ ಮೇಳ ಸೇರಿಸಿ, 1988ರಲ್ಲಿ ಬಿಯೆಲೊ ದುಗ್ಮೆ 'ಜುರ್ಜೆವ್‌ದಾನ್' ಅಂತ ಹಾಡಿತು.

## ಏರಿದ ದಾರಿ

ಇದೆಲ್ಲ ಶುರುವಾಗಿದ್ದು ಹೇಗೆ?

ಕೊದೆಕ್ಸಿ ಅನ್ನುವ ಬ್ಯಾಂಡಿನಲ್ಲಿ ಹಾಡುತ್ತಿದ್ದ ಜೆಲ್ಕೊ ಬೆಬೆಕ್ 1969ರಲ್ಲಿ ಬ್ರೆಗೊವಿಚ್‌ರನ್ನು ಕರೆದುಕೊಂಡರು. ಆಗ ಬ್ರೆಗೊವಿಚ್‌ಗೆ 19 ವರ್ಷ, ನುಡಿಸುತ್ತಿದ್ದದ್ದು ಬಾಸ್. ಕೊದೆಕ್ಸಿ ಇಟಲಿಯ ನೇಪಲ್ಸ್‌ಗೂ ಹೋಗಿ ನುಡಿಸಿತು. ಆ ದಿನಗಳಲ್ಲಿ ಹುಡುಗರ ತಲೆ ತುಂಬ ಲೆಡ್ ಜೆಪ್ಲಿನ್, ಬ್ಲ್ಯಾಕ್ ಸಬ್ಬಾತ್.

ಸರಾಯೆವೊಗೆ ಮರಳಿದ ಮೇಲೆ 'ಯುತ್ರೊ' ಅನ್ನುವ ಹೊಸ ತಂಡ ಕಟ್ಟಿದರು. ಯುತ್ರೊ ಅಂದರೆ ಬೆಳಗು. ಜೊತೆಗಿದ್ದ ಒಬ್ಬ ಗಿಟಾರ್ ವಾದಕರು ತಂಡ ಬಿಟ್ಟರು, ಹೆಸರು ಯಾರದು ಅಂತ ತಕರಾರಾಯಿತು. ಸ್ಲೊವೇನಿಯಾದ ಲ್ಯುಬ್ಲ್ಯಾನಾದಲ್ಲಿ ಅದೇ ಹೆಸರಿನ ಇನ್ನೊಂದು ಬ್ಯಾಂಡ್ ಬೇರೆ ಇತ್ತು. ಹಾಗಾಗಿ 1974ರ ಜನವರಿ 1ರಿಂದ ಅವರು ಬಿಯೆಲೊ ದುಗ್ಮೆ ಆದರು.

ಮೊದಲ ರೆಕಾರ್ಡ್‌ನ ಕಥೆ ಚೆನ್ನಾಗಿದೆ. ತಮ್ಮ ಊರಿನ ದಿಸ್ಕೊಟೋನ್ ಕಂಪನಿಗೆ ಹಾಡು ತಗೊಂಡು ಹೋದರು. ಬಿಡುಗಡೆಗೆ ಕೆಲವು ತಿಂಗಳು ಕಾಯಬೇಕು ಅಂದರು. ಹುಡುಗರು ಕಾಯಲಿಲ್ಲ. ಝಾಗ್ರೆಬ್‌ಗೆ ಹೋಗಿ ಯುಗೊಟೋನ್ ಜೊತೆ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. 1974ರಲ್ಲೇ 'ತೋಪ್' ಅನ್ನುವ ಮೊದಲ ಹಾಡು ಬಂತು. ತೋಪ್ ಅಂದರೆ ಅಲ್ಲೂ ಫಿರಂಗಿಯೇ. ತುರ್ಕಿ ಭಾಷೆಯಿಂದ ಅವರಿಗೂ ಬಂದ ಮಾತು, ನಮಗೂ ಬಂದ ಮಾತು.

ಆ ವರ್ಷದ ಕೊನೆಗೆ ಬಂದ ಮೊದಲ ಆಲ್ಬಂ ಸುಮಾರು 1 ಲಕ್ಷ 40 ಸಾವಿರ ಪ್ರತಿ ಮಾರಾಟವಾಯಿತು. ಒಟ್ಟು ಜನಸಂಖ್ಯೆಯೇ ಎರಡು ಕೋಟಿ ಚಿಲ್ಲರೆ ಇದ್ದ ದೇಶ ಅದು. ಅಲ್ಲಿಯವರೆಗೆ ಯಾವ ರಾಕ್ ಬ್ಯಾಂಡೂ ಅಷ್ಟು ಕಂಡಿರಲಿಲ್ಲ.

'ಕುರುಬರ ರಾಕ್' ಅಂತ ಯಾಕೆ ಕರೆದರು? ಬೈಗುಳವಾ ಅದು?

ಆ ಮಾತು ಝಾಗ್ರೆಬ್‌ನ ವಿಮರ್ಶಕ ದ್ರಾಜೆನ್ ವ್ರ್ದೊಲ್ಯಾಕ್ ಅವರದು. ಅಲ್ಲಿನ ಭಾಷೆಯಲ್ಲಿ 'ಪಸ್ತಿರ್‌ಸ್ಕಿ ರೋಕ್'. ಕೇಳಿದವರಲ್ಲಿ ಕೆಲವರು ಅದನ್ನು ಹೊಗಳಿಕೆಯಾಗಿ ತಗೊಂಡರು, ಕೆಲವರು ಮೂಗು ಮುರಿಯೋಕೆ ಬಳಸಿದರು.

1975ರ ಆಲ್ಬಂನಲ್ಲಿ 'ತಾಕೊ ತಿ ಯೆ, ಮಾಲಾ ಮೊಯಾ, ಕದ್ ಲ್ಯುಬಿ ಬೊಸಾನಾತ್ಸ್' ಅಂತ ಒಂದು ಹಾಡಿದೆ. 'ಬೋಸ್ನಿಯಾದವನು ಮುತ್ತಿಟ್ಟರೆ ಹೀಗೇ ಕಣೇ' ಅಂತ ಅರ್ಥ. ಕೆಳಗಡೆ ಎಲೆಕ್ಟ್ರಿಕ್ ಗಿಟಾರ್ ಲಂಡನ್ನಿನ ಹಾರ್ಡ್ ರಾಕ್ ಬ್ಯಾಂಡ್‌ಗಳ ಹಾಗೆ ಒರಟಾಗಿ ಕಚ್ಚುತ್ತದೆ. ಮೇಲೆ ಬೆಬೆಕ್ ಗಂಟಲು ಏರಿಸಿ, ಗುಡ್ಡದ ಈ ಕಡೆಯಿಂದ ಆ ಕಡೆಗೆ ಕೂಗುವವರ ಹಾಗೆ ಹಾಡುತ್ತಾರೆ. ಸಾಹಿತ್ಯ ಹಳ್ಳಿಯ ತುಂಟ ಪದದ ಥರ, ಸಣ್ಣ ಸಾಲು, ಬೇಗ ಬಾಯಿಗೆ ಬರುತ್ತದೆ.

ಆ ಕಾಲದಲ್ಲಿ ಓದಿದವರಿಗೆ ಹಳ್ಳಿ ಧಾಟಿ ಅಂದರೆ ನಾಚಿಕೆ. ರಾಕ್ ಕೇಳುವವನು ಜನಪದ ಕೇಳಬಾರದು ಅನ್ನುವ ಹಾಗಿತ್ತು. ಬ್ರೆಗೊವಿಚ್ ಆ ನಾಚಿಕೆಯನ್ನೇ ಕಿತ್ತು ಹಾಕಿದರು. ನಾನು ಈ ಬ್ಯಾಂಡನ್ನು ಪ್ರೀತಿಸುವುದಕ್ಕೆ ದೊಡ್ಡ ಕಾರಣ ಇದೇ.

ಹೈದುಚ್ಕಾ ಚೆಸ್ಮಾ ಕಾರ್ಯಕ್ರಮದಲ್ಲಿ ಅಂಥದ್ದೇನಾಯ್ತು?

1977ರ ಆಗಸ್ಟ್ 28. ಬೆಲ್‌ಗ್ರೇಡಿನ ಕೊಶುತ್‌ನ್ಯಾಕ್ ಕಾಡು-ಪಾರ್ಕಿನಲ್ಲಿ ಹೈದುಚ್ಕಾ ಚೆಸ್ಮಾ ಅಂತ ಒಂದು ಹಳೆಯ ನೀರಿನ ಬುಗ್ಗೆ ಇದೆ. ಅದರ ಹತ್ತಿರದ ಬಯಲಿನಲ್ಲಿ ಟಿಕೆಟ್ ಇಲ್ಲದೆ ಕಾರ್ಯಕ್ರಮ. ಮೊದಲು ಸ್ಲಾಜಾನಾ ಮಿಲೊಶೆವಿಚ್, ಲೆಬ್ ಇ ಸೋಲ್ ಮತ್ತು ಇನ್ನೂ ಕೆಲವರು ನುಡಿಸಿದರು. ನಂತರ ಬಿಯೆಲೊ ದುಗ್ಮೆ. ಬಂದ ಜನ 70 ಸಾವಿರದಿಂದ 1 ಲಕ್ಷ ಅಂತ ಅಂದಾಜು.

ಅದಕ್ಕೆ ಸ್ವಲ್ಪ ಮುಂಚಿನ ಪರಿಸ್ಥಿತಿ ಗೊತ್ತಿದ್ದರೆ ಆ ದಿನದ ತೂಕ ತಿಳಿಯುತ್ತದೆ. ಆ ವರ್ಷದ ಪ್ರವಾಸದಲ್ಲಿ ಹಾಲ್‌ಗಳು ತುಂಬುತ್ತಿರಲಿಲ್ಲ, ಕೆಲವು ಕಾರ್ಯಕ್ರಮ ರದ್ದಾಗಿದ್ದವು. ಬ್ಯಾಂಡ್ ಮುಗಿಯಿತು ಅಂತ ಮಾತು ಶುರುವಾಗಿತ್ತು. ಆಗ ಬೆಲ್‌ಗ್ರೇಡಿನ ಪತ್ರಕರ್ತ ಪೇತರ್ ಪೊಪೊವಿಚ್ ಈ ಉಚಿತ ಕಾರ್ಯಕ್ರಮದ ಯೋಚನೆ ಕೊಟ್ಟರು. ಸೈನ್ಯದ ಕಡ್ಡಾಯ ಸೇವೆಗೆ ಬ್ರೆಗೊವಿಚ್ ಹೊರಡುವ ಕಾಲವೂ ಹತ್ತಿರ ಬಂದಿತ್ತು. ಮುಗಿಯಿತು ಅಂದವರ ಮುಂದೆ ಒಂದು ಕಾಡು ತುಂಬ ಜನ ಬಂದು ನಿಂತರು.

ಇನ್ನೊಂದು ವಿಷಯ. ಆ ಕಾರ್ಯಕ್ರಮದ ಹೆಸರಿನ ಲೈವ್ ಆಲ್ಬಂ ಇದೆಯಲ್ಲ, ಅದರ ಸಂಗೀತ ಆ ದಿನದ್ದಲ್ಲ. ಪಾರ್ಕಿನ ಧ್ವನಿಮುದ್ರಣ ಸರಿಯಾಗಿ ಬರಲಿಲ್ಲ. ಅಕ್ಟೋಬರಿನಲ್ಲಿ ಸರಾಯೆವೊದ ಒಂದು ಹಾಲ್‌ನಲ್ಲಿ ಮತ್ತೆ ನುಡಿಸಿ, ಅದನ್ನು ಆಲ್ಬಂಗೆ ಹಾಕಿದರು.

ಯಾವ ಆಲ್ಬಂನಿಂದ ಕೇಳೋಕೆ ಶುರು ಮಾಡಲಿ?

1979ರ 'ಬಿತಾಂಗಾ ಇ ಪ್ರಿಂತ್ಸೆಜಾ'ದಿಂದ. 'ಪೋಲಿ ಮತ್ತು ರಾಜಕುಮಾರಿ' ಅಂತ ಅರ್ಥ. ಇದರಲ್ಲಿ ಜನಪದ ಧಾಟಿಯೇ ಇಲ್ಲ, ಆದರೂ ನನ್ನ ಪ್ರಕಾರ ಇವರ ಅತ್ಯುತ್ತಮ ಆಲ್ಬಂ ಇದೇ. ಕೊನೆಯಲ್ಲಿ ವಾದ್ಯವೃಂದ ಸೇರಿ ಮೆಲ್ಲಗೆ ಏರುವ ಒಂದು ನಿಧಾನದ ಹಾಡಿದೆ. 'ಇದೆಲ್ಲವನ್ನೂ ಒಂದು ದಿನ ಗಿಡಗಂಟಿ, ಹಿಮ ಮುಚ್ಚಿಬಿಡುತ್ತವೆ' ಅನ್ನುವ ಭಾವ. ರಾತ್ರಿ ಹೊತ್ತು, ಒಬ್ಬರೇ ಇದ್ದಾಗ ಕೇಳಿ.

ಆ ಪ್ರವಾಸದಲ್ಲಿ ಸರಾಯೆವೊ, ಝಾಗ್ರೆಬ್, ಬೆಲ್‌ಗ್ರೇಡ್ ಕಾರ್ಯಕ್ರಮಗಳಿಂದ ಬಂದ ಹಣವನ್ನು ಮಾಂಟೆನೆಗ್ರೊ ಭೂಕಂಪದ ಸಂತ್ರಸ್ತರಿಗೆ ಕೊಟ್ಟರು. ಭೂಕಂಪ ಆಗಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ.

## ಬಂದವರು, ಹೋದವರು

ಹಾಡುವವರು ಬದಲಾಗ್ತಾನೇ ಇದ್ದರಲ್ಲ, ಯಾರು ಯಾವಾಗ ಇದ್ದರು?

ಮೂವರು. 1984ರವರೆಗೆ ಜೆಲ್ಕೊ ಬೆಬೆಕ್. ನಂತರ ಒಂದೇ ಒಂದು ಆಲ್ಬಂಗೆ ಮ್ಲಾದೆನ್ ವೊಯಿಚಿಚ್, ಎಲ್ಲರೂ ಕರೆಯುವುದು ತಿಫಾ ಅಂತ. 1986ರಿಂದ ಕೊನೆಯವರೆಗೆ ಅಲೆನ್ ಇಸ್ಲಾಮೊವಿಚ್.

ಯಾರ ದನಿ ಮೇಲು ಅನ್ನುವ ಜಗಳ ಅಲ್ಲಿ ಇವತ್ತಿಗೂ ಮುಗಿದಿಲ್ಲ. ಬೆಬೆಕ್‌ರದು ಎತ್ತರದ, ಕೂಗಿ ಕರೆಯುವ ದನಿ. ತಿಫಾರ ದನಿ ಒಡೆದಂತೆ ಇರುತ್ತದೆ. ಲಿಂಡನ್ ಮರ ಹೂ ಬಿಟ್ಟ ಹಾಡು, 'ಲಿಪೆ ತ್ಸ್ವಾತು', ಅವರ ಬಾಯಲ್ಲಿ ಕೇಳಿದರೆ ಎದೆ ಬಿರಿಯುತ್ತದೆ. ಅಲೆನ್ ಹಾರ್ಡ್ ರಾಕ್‌ನಿಂದ ಬಂದವರು, ಗಟ್ಟಿ ಗಂಟಲು.

ಬೆಬೆಕ್ ಯಾಕೆ ಬಿಟ್ಟರು? ಅಲ್ಲೇ ಬ್ಯಾಂಡ್ ಮುಗೀತು ಅಂತಾರಲ್ಲ?

ಹಾಡುಗಳೆಲ್ಲ ಬ್ರೆಗೊವಿಚ್‌ರವು. ಹೆಸರೂ ಸಂಪಾದನೆಯೂ ಆ ಕಡೆಗೇ ಜಾಸ್ತಿ ಹೋಗುತ್ತಿತ್ತು. ತಮಗೆ ಬರುವ ಪಾಲು ಬೆಬೆಕ್‌ಗೆ ಸಮಾಧಾನ ತರಲಿಲ್ಲ. ಒಂಟಿಯಾಗಿ ಹಾಡುವ ಆಸೆ ಮೊದಲಿನಿಂದಲೂ ಇತ್ತು, 1978ರಲ್ಲೇ ಒಂದು ಆಲ್ಬಂ ಮಾಡಿದ್ದರು.

ಬ್ಯಾಂಡ್ ಆಗಲೇ ಮುಗಿಯಬೇಕಿತ್ತು ಅನ್ನುವುದೂ ಸುಳ್ಳಲ್ಲ. 1983ರ 'ರಾದ್ಮಿಲಾ ಎಂ.ಗೆ ಜೋಗುಳ' ಆಲ್ಬಂ ಹೊತ್ತಿಗೆ, ಇದೇ ವಿದಾಯದ ಆಲ್ಬಂ ಅಂತ ಬ್ರೆಗೊವಿಚ್ ಅಂದುಕೊಂಡಿದ್ದರು. ಆದರೆ ಪ್ರವಾಸ ಚೆನ್ನಾಗಿ ನಡೆಯಿತು, ಮನಸ್ಸು ಬದಲಾಯಿತು. ಮುಂದಿನ ಆರು ವರ್ಷದ ಹಾಡುಗಳಿಲ್ಲದ ಬಿಯೆಲೊ ದುಗ್ಮೆಯನ್ನು ನನಗೆ ಊಹಿಸಿಕೊಳ್ಳೋಕೆ ಆಗುವುದಿಲ್ಲ.

ಡ್ರಮ್ ಬಾರಿಸುತ್ತಿದ್ದ ಇಪೆ ಏನಾದರು?

ಗೊರಾನ್ ಇವಾಂದಿಚ್, ಮುದ್ದಿನ ಹೆಸರು ಇಪೆ. ಶುರುವಿನ ತಂಡದವರು. 1978ರಲ್ಲಿ ಹಶೀಶ್ ಪ್ರಕರಣದಲ್ಲಿ ಬಂಧನವಾಗಿ ಜೈಲಿಗೆ ಹೋದರು. 1982ರಲ್ಲಿ ಬ್ಯಾಂಡಿಗೆ ಮರಳಿ, ಕೊನೆಯವರೆಗೂ ಇದ್ದರು. 1994ರ ಜನವರಿಯಲ್ಲಿ, ಬೋಸ್ನಿಯಾದಲ್ಲಿ ಯುದ್ಧ ನಡೆಯುತ್ತಿದ್ದಾಗ, ಬೆಲ್‌ಗ್ರೇಡಿನ ಹೋಟೆಲೊಂದರ ಮೇಲಿನಿಂದ ಬಿದ್ದು ತೀರಿಕೊಂಡರು. ವಯಸ್ಸು ಇನ್ನೂ ನಲವತ್ತು ದಾಟಿರಲಿಲ್ಲ.

## ಒಡೆದದ್ದು

ಕೊನೆಯ ಕಾರ್ಯಕ್ರಮ ಎಲ್ಲಿ ಆಯ್ತು? ಬೀಳ್ಕೊಡುಗೆ ಏನಾದ್ರೂ ಇತ್ತಾ?

ಇರಲಿಲ್ಲ. 1989ರ ಮಾರ್ಚ್ 15ರಂದು ಉತ್ತರ ಬೋಸ್ನಿಯಾದ ದೆರ್ವೆಂತಾ ಅನ್ನುವ ಸಣ್ಣ ಪಟ್ಟಣದಲ್ಲಿ ನುಡಿಸಿದರು. ಮುಂದಿನ ಕಾರ್ಯಕ್ರಮ ಮೊದ್ರಿಚಾದಲ್ಲಿ. ಅಷ್ಟರಲ್ಲಿ ಅಲೆನ್ ಮೂತ್ರಪಿಂಡದ ನೋವಿನಿಂದ ಆಸ್ಪತ್ರೆ ಸೇರಿದರು. ಪ್ರವಾಸ ನಿಂತಿತು. ನಿಂತಿದ್ದು ಮತ್ತೆ ಶುರುವಾಗಲಿಲ್ಲ.

ಬ್ಯಾಂಡ್ ಒಡೆಯಿತು ಅಂತ ಯಾರೂ ಪತ್ರಿಕಾ ಹೇಳಿಕೆ ಕೊಡಲಿಲ್ಲ. ಕೊನೆಯ ಹಾಡು ಇದು ಅಂತ ಯಾರೂ ಹೇಳಲಿಲ್ಲ. ಆ ರಾತ್ರಿ ದೆರ್ವೆಂತಾದಲ್ಲಿ ಕುಣಿದು ಮನೆಗೆ ಹೋದವರಿಗೆ, ತಾವು ಕೊನೆಯದನ್ನು ನೋಡಿದೆವು ಅಂತ ಗೊತ್ತಿರಲಿಲ್ಲ.

ಹಾಗಾದ್ರೆ ಬ್ಯಾಂಡ್ ಒಡೆದದ್ದು ಕಾಯಿಲೆಯಿಂದಾನಾ, ರಾಜಕೀಯದಿಂದಾನಾ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಯುದ್ಧದಿಂದ ಒಡೆಯಿತು ಅನ್ನುವವರಿದ್ದಾರೆ. ತಾರೀಖು ನೋಡಿದರೆ ಅದು ಸರಿಹೊಂದುವುದಿಲ್ಲ. ಸ್ಲೊವೇನಿಯಾ, ಕ್ರೊಯೇಷಿಯಾ ಸ್ವಾತಂತ್ರ್ಯ ಸಾರಿದ್ದು 1991ರ ಜೂನ್‌ನಲ್ಲಿ. ಬೋಸ್ನಿಯಾದಲ್ಲಿ ಯುದ್ಧ ಹತ್ತಿದ್ದು 1992ರ ಏಪ್ರಿಲ್‌ನಲ್ಲಿ. ಬ್ಯಾಂಡ್ ಅದಕ್ಕೆ ಎರಡು ಮೂರು ವರ್ಷ ಮೊದಲೇ ನಿಂತಿತ್ತು.

ಅಲೆನ್ ಕಾಯಿಲೆ ಒಂದೇ ಕಾರಣ ಅನ್ನುವುದೂ ಅರೆ ಸತ್ಯ. ಹಿಂದೆ ಒಬ್ಬ ಗಾಯಕ ಹೋದಾಗ ಬ್ರೆಗೊವಿಚ್ ಇನ್ನೊಬ್ಬರನ್ನು ತಂದಿದ್ದರು, ಅದೂ ಎರಡು ಸಲ. ಮೂರನೇ ಸಲ ಆ ಮನಸ್ಸು ಬರಲಿಲ್ಲ. ಸಿನಿಮಾ ಸಂಗೀತದ ಬಾಗಿಲು ತೆರೆದಿತ್ತು. ಹದಿನೈದು ವರ್ಷದ ದಣಿವಿತ್ತು.

ಇವೆರಡಕ್ಕಿಂತ ದೊಡ್ಡ ವಿಷಯ ಕೇಳುಗರದ್ದು. ಈ ಬ್ಯಾಂಡ್ ನಿಂತಿದ್ದೇ, ದೇಶದ ಈ ತುದಿಯ ಲ್ಯುಬ್ಲ್ಯಾನಾದಿಂದ ಆ ತುದಿಯ ಸ್ಕೊಪ್ಯೆವರೆಗೆ ಒಂದೇ ಹಾಡನ್ನು ಎಲ್ಲರೂ ಹಾಡುತ್ತಾರೆ ಅನ್ನುವ ನಂಬಿಕೆಯ ಮೇಲೆ. ಕೊನೆಯ ಪ್ರವಾಸದಲ್ಲಿ ಕೆಲವು ಕಡೆ ಯುಗೊಸ್ಲಾವಿಯಾದ ಒಗ್ಗಟ್ಟಿನ ಹಾಡುಗಳು ಬಂದಾಗ ಜನ ಕೂಗಾಡಿದರು, ವೇದಿಕೆಯತ್ತ ಕೈಗೆ ಸಿಕ್ಕಿದ್ದನ್ನು ಎಸೆದರು. ಹಾಡುವವರು ಇನ್ನೂ ಒಟ್ಟಿಗಿದ್ದರು. ಕೇಳುವವರು ಆಗಲೇ ಬೇರೆ ಬೇರೆ ಆಗಿದ್ದರು.

ಯುದ್ಧದ ನಂತರ ಮತ್ತೆ ಸೇರಲಿಲ್ವಾ?

2005ರ ಜೂನ್‌ನಲ್ಲಿ ಮೂರು ಕಾರ್ಯಕ್ರಮಕ್ಕಾಗಿ ಸೇರಿದರು. 15ರಂದು ಸರಾಯೆವೊದ ಕೊಶೆವೊ ಕ್ರೀಡಾಂಗಣ, 22ರಂದು ಝಾಗ್ರೆಬ್‌ನ ಮಕ್ಸಿಮಿರ್, 28ರಂದು ಬೆಲ್‌ಗ್ರೇಡಿನ ಕುದುರೆ ರೇಸಿನ ಮೈದಾನ. ಬೆಬೆಕ್, ತಿಫಾ, ಅಲೆನ್ ಮೂವರೂ ಒಂದೇ ವೇದಿಕೆಯಲ್ಲಿ. ಬೆಲ್‌ಗ್ರೇಡಿಗೆ ಬಂದವರು 2 ಲಕ್ಷಕ್ಕೂ ಹೆಚ್ಚು ಅಂತ ಅಂದಾಜು.

ಮೂರು ಊರು, ಆಗ ಮೂರು ಬೇರೆ ದೇಶಗಳ ರಾಜಧಾನಿಗಳು. ಒಂದು ಕಾಲದಲ್ಲಿ ಇದೇ ಬ್ಯಾಂಡ್ ವ್ಯಾನ್ ಹತ್ತಿ ಈ ಮೂರೂ ಊರಿಗೆ ಸುಮ್ನೆ ಹೋಗಿ ಬರುತ್ತಿತ್ತು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಇವರ ಹಾಡುಗಳಿಗೆ ಕತ್ತರಿ ಬಿದ್ದಿತ್ತಾ?

ಬಿದ್ದಿತ್ತು, ಆದರೆ ಪೊಲೀಸರಿಗಿಂತ ಹೆಚ್ಚಾಗಿ ರೆಕಾರ್ಡ್ ಕಂಪನಿಯ ಒಳಗೇ. 'ಬಿತಾಂಗಾ ಇ ಪ್ರಿಂತ್ಸೆಜಾ'ದ ಮೊದಲ ಹೊದಿಕೆ ಚಿತ್ರವನ್ನು ಯುಗೊಟೋನ್ ಒಪ್ಪಲಿಲ್ಲ. ಹೆಣ್ಣಿನ ಕಾಲು ಗಂಡಸಿಗೆ ಒದೆಯುವ ಚಿತ್ರ ಅದು. ಅದೇ ಆಲ್ಬಂನಲ್ಲಿ ಯೇಸುವಿನ ಹೆಸರಿದ್ದ ಒಂದು ಸಾಲಿನಲ್ಲಿ ಹೆಸರು ತೆಗೆಸಿ 'ಅವನು' ಅಂತ ಮಾಡಿಸಿದರು.

1986ರ 'ಪ್ಲ್ಯುನಿ ಇ ಜಾಪ್ಯೆವಾಯ್, ಮೊಯಾ ಯುಗೊಸ್ಲಾವಿಯೊ' ಆಲ್ಬಂ ವಿಷಯ ಇನ್ನೂ ಸೂಕ್ಷ್ಮ. 'ಉಗಿದು ಹಾಡು, ನನ್ನ ಯುಗೊಸ್ಲಾವಿಯಾ' ಅಂತ ಅರ್ಥ. ರಾಷ್ಟ್ರೀಯವಾದಿ ಅನ್ನುವ ಹಣೆಪಟ್ಟಿ ಹೊತ್ತು ಮೂಲೆಗುಂಪಾಗಿದ್ದ ಕ್ರೊಯೇಷಿಯಾದ ಗಾಯಕ ವಿತ್ಸೆ ವುಕೊವ್ ಅವರಿಂದ ಹಾಡಿಸಬೇಕು ಅಂತ ಬ್ರೆಗೊವಿಚ್‌ಗೆ ಆಸೆ ಇತ್ತು. ಅದು ನಡೆಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಹೋರಾಡಿದ ಪಾರ್ಟಿಸನ್ ಪಡೆಯ ಹಳೆಯ ನಾಯಕ ಸ್ವೆತೊಜಾರ್ ವುಕ್ಮಾನೊವಿಚ್ ತೆಂಪೊ ಮಾತ್ರ ಒಪ್ಪಿದರು. ಅನಾಥಾಲಯದ ಮಕ್ಕಳ ಜೊತೆ ಸೇರಿ ಆ ಹಿರಿಯರು ಒಂದು ಹೋರಾಟದ ಹಾಡು ಹಾಡಿದ್ದಾರೆ. ನಡುಗುವ ಮುದಿ ದನಿ, ಸುತ್ತ ಮಕ್ಕಳ ದನಿ. ರಾಕ್ ಆಲ್ಬಂನಲ್ಲಿ ಇಂಥದ್ದು ಬೇರೆಲ್ಲೂ ನಾನು ಕೇಳಿಲ್ಲ.

ಅಲ್ಬೇನಿಯನ್ ಭಾಷೆಯಲ್ಲಿ ಹಾಡಿದ್ದು ಯಾಕೆ?

1983ರ 'ಕೊಸೊವ್ಸ್ಕಾ' ಹಾಡು. ಅದಕ್ಕೆ ಎರಡು ವರ್ಷ ಮೊದಲು, ಯುಗೊಸ್ಲಾವಿಯಾದ ಒಳಗೇ ಅಲ್ಬೇನಿಯನ್ನರು ಹೆಚ್ಚಾಗಿದ್ದ ಕೊಸೊವೊದಲ್ಲಿ ಅಲ್ಬೇನಿಯನ್ ವಿದ್ಯಾರ್ಥಿಗಳು ದೊಡ್ಡ ಪ್ರತಿಭಟನೆ ಮಾಡಿದ್ದರು, ಸರ್ಕಾರ ಅದನ್ನು ಬಲದಿಂದ ಅಡಗಿಸಿತ್ತು. ಆ ಭಾಷೆಯ ಬಗ್ಗೆ ಉಳಿದವರಲ್ಲಿ ಅನುಮಾನ ತುಂಬಿದ್ದ ಹೊತ್ತು. ಹಾಡಿನಲ್ಲಿ ರಾಜಕೀಯ ಏನೂ ಇಲ್ಲ, ರಾಕ್ ಅಂಡ್ ರೋಲ್ ಬಗ್ಗೆ ಸರಳ ಮಾತು ಅಷ್ಟೇ. ನೀವೂ ನಮ್ಮ ಕೇಳುಗರೇ ಅಂತ ಅವರ ಭಾಷೆಯಲ್ಲೇ ಹೇಳಿದ ಹಾಗಾಯಿತು. ಅದಕ್ಕೂ ವಿವಾದ ಎದ್ದಿತು.

ಒಡಕು ಅರ್ಥ ಆಗೋಕೆ ಒಂದೇ ಒಂದು ಹಾಡು ಹೇಳಿ ಅಂದ್ರೆ ಯಾವುದು?

'ಲಿಯೆಪಾ ನಾಶಾ'. 1988ರ ಕೊನೆಯ ಆಲ್ಬಂ 'ಚಿರಿಬಿರಿಬೆಲಾ'ದಲ್ಲಿದೆ. ಆ ಆಲ್ಬಂನ ಹೊದಿಕೆಯ ಮೇಲಿರುವುದು ನೋಹನ ನಾವೆಯ ಹಳೆಯ ಚಿತ್ರ, ಪ್ರಳಯಕ್ಕೆ ಮುಂಚೆ ಪ್ರಾಣಿಗಳು ಜೋಡಿ ಜೋಡಿಯಾಗಿ ಹತ್ತುತ್ತಿರುವುದು.

'ಲಿಯೆಪಾ ನಾಶಾ' ಅಂದರೆ 'ನಮ್ಮ ಸುಂದರ' ನಾಡು. ಇದು ಕ್ರೊಯೇಷಿಯಾದ ನಾಡಗೀತೆಯ ಮೊದಲ ಪದಗಳು. ಬ್ರೆಗೊವಿಚ್ ಆ ಗೀತೆಗೆ 'ತಾಮೊ ದಾಲೆಕೊ'ವನ್ನು ಹೆಣೆದರು. 'ಅಲ್ಲಿ ದೂರದಲ್ಲಿ' ಅಂತ ಅರ್ಥ. ಮೊದಲ ಮಹಾಯುದ್ಧದಲ್ಲಿ ಊರು ಬಿಟ್ಟು ಕೊರ್ಫು ದ್ವೀಪ ಸೇರಿದ ಸರ್ಬಿಯಾದ ಸೈನಿಕರು ಮನೆ ನೆನೆದು ಹಾಡಿದ ಹಾಡು ಅದು.

ಎರಡು ನಾಡಿನ ಜನ ತಮ್ಮ ತಮ್ಮ ಅತಿ ಪ್ರೀತಿಯ ಹಾಡು ಹಿಡಿದುಕೊಂಡು ಬೇರೆ ಬೇರೆ ದಿಕ್ಕಿಗೆ ಹೊರಟಿದ್ದ ಹೊತ್ತದು. ಕ್ರೊಯೇಷಿಯಾದ ತಂದೆಗೂ ಸರ್ಬಿಯಾದ ತಾಯಿಗೂ ಸರಾಯೆವೊದಲ್ಲಿ ಹುಟ್ಟಿದ ಮಗ ಆ ಎರಡನ್ನೂ ಒಂದೇ ಹಾಡಿನಲ್ಲಿ ಇಟ್ಟ. ಒಂದು ರಾಗ ಮುಗಿಯುವುದು, ಇನ್ನೊಂದು ಶುರುವಾಗುವುದು, ನಡುವೆ ಗೆರೆ ಎಲ್ಲಿದೆ ಅಂತ ಹುಡುಕುತ್ತಾ ಕೇಳಿ. ನಾನು ಎಷ್ಟೋ ಸಲ ಹುಡುಕಿದ್ದೇನೆ, ಪ್ರತಿ ಸಲವೂ ಅದು ಬೇರೆ ಜಾಗದಲ್ಲಿ ಇದ್ದ ಹಾಗೆ ಅನ್ನಿಸಿದೆ.